ಒಂದೇ ಕೈಗೆ ಒಗ್ಗುವ ಕಾರು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಅಂಕಲಗಿಯಂಥ ಊರಿನಲ್ಲಿ ಚಹಾಕ್ಕೆಂದು ನಿಲ್ಲಿಸಿದ ಟ್ರ್ಯಾಕ್ಟರಿನ ಸ್ಟೇರಿಂಗ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಆ ಚಕ್ರದ ಅಂಚಿಗೆ ಲಿಂಬಿಹಣ್ಣಿನ ಗಾತ್ರದ, ತನ್ನಷ್ಟಕ್ಕೆ ತಿರುಗುವ ಒಂದು ಹಿಡಿಕೆ ಬಿಗಿದಿರುತ್ತದೆ. ಚಾಲಕ ಅದನ್ನು ಒಂದೇ ಕೈಯಲ್ಲಿ ಹಿಡಿದು ಗರಗರನೆ ತಿರುಗಿಸಿ, ಎರಡು ಟ್ರಾಲಿ ಸಮೇತ ತಿರುವು ದಾಟಿಸಿಬಿಡುತ್ತಾನೆ. ಆತನಿಗೆ ಅದೊಂದು ಅನುಕೂಲ ಮಾತ್ರ. ಒಂದು ಕೈ ಸ್ವಾಧೀನದಲ್ಲಿಲ್ಲದವರು ಕಾರು ಓಡಿಸಲು ಬೇಕಾಗುವ ಮೊದಲ ಸಾಮಾನೂ ಇದೇ.

ಒಂದು ಕೈಯ ಶಕ್ತಿ ಕಳೆದುಕೊಂಡವರು ನಮ್ಮ ಕಡೆ ಅಪರೂಪವೇನಲ್ಲ. ಬೈಕಿನಿಂದ ಬಿದ್ದು ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಹರಿದವರಿದ್ದಾರೆ. ಗಾಣಕ್ಕೋ ಮೇವು ಕತ್ತರಿಸುವ ಯಂತ್ರಕ್ಕೋ ಕೈ ಕೊಟ್ಟವರಿದ್ದಾರೆ. ಹೆರಿಗೆಯ ವೇಳೆ ಭುಜದ ನರ ಜಗ್ಗಿ ಹುಟ್ಟಿನಿಂದಲೇ ಕೈ ಸೋತ ಮಕ್ಕಳಿದ್ದಾರೆ. ಹಳೆಯ ತಲೆಮಾರಿನಲ್ಲಿ ಪೋಲಿಯೊ ಆದವರೂ ಇದ್ದಾರೆ. ಇಂಥ ಹುಡುಗ ಅಥವಾ ಹುಡುಗಿ ಹದಿನೆಂಟು ತುಂಬಿ, “ಅಪ್ಪಾ, ನಾನೂ ಗಾಡಿ ಕಲೀತೀನಿ” ಎಂದರೆ ಮನೆಯಲ್ಲಿ ಏನಾಗುತ್ತದೆ? “ನಿನಗ್ಯಾಕ ಬೇಕವ್ವಾ ಅದು? ಎಲ್ಲಿಗೆ ಹೋಗಬೇಕು ಹೇಳು, ಅಣ್ಣ ಬಿಟ್ಟು ಬರ್ತಾನ” ಎಂಬ ಉತ್ತರ ಬರುತ್ತದೆ. ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ಅಣ್ಣ ಎಷ್ಟು ವರ್ಷ ಬಿಟ್ಟು ಬರುತ್ತಾನೆ?

ಹಳ್ಳಿಯ ತಂದೆ-ತಾಯಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಓರಗೆಯ ಹುಡುಗರೆಲ್ಲ ಕಾಲೇಜಿಗೆ ಬೈಕ್ ಏರಿ ಹೋಗುತ್ತಾರೆ. ಬೈಕಿನಲ್ಲಿ ಬಲಗೈಗೆ ಎಕ್ಸಲರೇಟರ್ ಮತ್ತು ಮುಂದಿನ ಬ್ರೇಕ್, ಎಡಗೈಗೆ ಕ್ಲಚ್. ಗೇರಿಲ್ಲದ ಸ್ಕೂಟರಿನಲ್ಲೂ ಎರಡು ಕೈಗೂ ಒಂದೊಂದು ಬ್ರೇಕ್. ಪಕ್ಕಕ್ಕೆ ಎರಡು ಗಾಲಿ ಜೋಡಿಸಿದ ಸ್ಕೂಟರ್ ಕಾಲಿನ ತೊಂದರೆ ಇದ್ದವರಿಗೆ ವರವಾಯಿತೇ ಹೊರತು ಕೈ ಸೋತವರಿಗೆ ಹೆಚ್ಚು ಉಪಯೋಗವಾಗಲಿಲ್ಲ. ಕಾರಿನಲ್ಲಾದರೆ ಓಡಿಸುವ, ನಿಲ್ಲಿಸುವ ಕೆಲಸ ಕಾಲುಗಳದ್ದು. ಕೈಗೆ ಉಳಿಯುವುದು ಮುಖ್ಯವಾಗಿ ದಿಕ್ಕು. ಅದಕ್ಕೇ, ಬೇರೆಯವರಿಗೆ ಕಾರು ಶೋಕಿಯಾದರೂ ಒಂದು ಕೈಯವರಿಗೆ ಅದೇ ಸುಲಭದ ವಾಹನ. ಹೊಸದೇ ಆಗಬೇಕೆಂದಿಲ್ಲ, ಹಳೆಯದೂ ನಡೆಯುತ್ತದೆ.

ಒಂದು ಕೈಯಲ್ಲಿ ಕಾರು ಹಿಡಿತಕ್ಕೆ ಸಿಗುತ್ತದೆಯೇ ಎಂಬ ಅನುಮಾನ ಇರುವವರು ರಾಬರ್ಟ್ ಕುಬಿತ್ಸಾನ ಕಥೆ ಕೇಳಬೇಕು. ಪೋಲೆಂಡಿನ ಈ ಫಾರ್ಮುಲಾ ಒನ್ ಚಾಲಕ 2011ರ ಫೆಬ್ರುವರಿಯಲ್ಲಿ ಇಟಲಿಯ ಒಂದು ರ್‍ಯಾಲಿಯಲ್ಲಿ ಅಪಘಾತಕ್ಕೀಡಾದ. ರಸ್ತೆಬದಿಯ ಕಬ್ಬಿಣದ ತಡೆ ಕಾರಿನೊಳಕ್ಕೇ ನುಗ್ಗಿ ಬಲಗೈ ಜಜ್ಜಿಹೋಯಿತು. ಕೈ ಉಳಿಯಿತು, ಮೊದಲಿನ ಶಕ್ತಿ ಉಳಿಯಲಿಲ್ಲ. ಆದರೂ 2019ರಲ್ಲಿ ವಿಲಿಯಮ್ಸ್ ತಂಡದ ಪರವಾಗಿ ಫಾರ್ಮುಲಾ ಒನ್‌ಗೆ ಮರಳಿದ. ಅವನಿಗಾಗಿ ಗೇರ್ ಬದಲಿಸುವ ಪಟ್ಟಿಯನ್ನು ಎಡಗೈ ಕಡೆಗೇ ಕೂಡಿಸಿದರು. 2025ರ ಜೂನ್‌ನಲ್ಲಿ ಇಬ್ಬರು ಜೊತೆಗಾರರೊಡನೆ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನೇ ಗೆದ್ದ. ಅವನಿಗಿಂತ ಎಷ್ಟೋ ಮೊದಲು, 1950ರ ದಶಕದಲ್ಲಿ, ಹುಟ್ಟಿನಿಂದ ಬಲಗೈ ಬೆಳೆಯದ ಸ್ಕಾಟ್ಲೆಂಡಿನ ಆರ್ಚಿ ಸ್ಕಾಟ್ ಬ್ರೌನ್ ರೇಸಿನಲ್ಲಿ ಹೆಸರು ಮಾಡಿದ್ದ. ಇವರು ಅಸಾಮಾನ್ಯರು ನಿಜ. ನಮಗೆ ಬೇಕಾದದ್ದು ಅಂಕಲಗಿಯಿಂದ ಗೋಕಾಕಕ್ಕೆ ಹೋಗಿಬರುವಷ್ಟು ಚಾಲನೆ.

ಹಿಡಿಕೆಯ ಹಿಂದಿನ ವಿಜ್ಞಾನ

ಕಾರಿನ ಸ್ಟೇರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ. ಎರಡು ಕೈ ಇದ್ದವರು ಒಂದು ಕೈಯಲ್ಲಿ ಎಳೆದು, ಇನ್ನೊಂದರಲ್ಲಿ ಹಿಡಿದು, ಮತ್ತೆ ಎಳೆಯುತ್ತಾರೆ. ಒಂದೇ ಕೈ ಇದ್ದರೆ ಹಿಡಿತ ಬದಲಿಸಲು ಚಕ್ರವನ್ನು ಬಿಡಲೇಬೇಕು. ಓಡುವ ಕಾರಿನ ಮುಂದಿನ ಗಾಲಿಗಳಿಗೋ ತಾವಾಗಿಯೇ ನೇರಕ್ಕೆ ಮರಳುವ ಗುಣ ಇದೆ. ಅವುಗಳನ್ನು ಕೂಡಿಸಿದ ಓರೆಯಿಂದ ಬರುವ ಗುಣ ಅದು. ನೀವು ಕೈ ಬಿಟ್ಟ ಗಳಿಗೆಯಲ್ಲೇ ಚಕ್ರ ಹಿಂದಕ್ಕೆ ಸರಿಯುತ್ತದೆ. ಹಿಡಿಕೆ ಇದ್ದರೆ ಈ ತೊಂದರೆ ಇಲ್ಲ. ಕೈ ಬಿಡದೆ ಪೂರ್ತಿ ಸುತ್ತು ಹೊಡೆಯಬಹುದು. ಅದು ಕೂಡುವ ಜಾಗ ಬಲಗೈಯವರಿಗೆ ಗಡಿಯಾರದ ಎರಡರಿಂದ ನಾಲ್ಕು ಗಂಟೆಯ ನಡುವೆ, ಎಡಗೈಯವರಿಗೆ ಎಂಟರಿಂದ ಹತ್ತರ ನಡುವೆ ಎಂದಿಟ್ಟುಕೊಳ್ಳಿ. ಚಕ್ರದ ನಡುವೆ ಏರ್‌ಬ್ಯಾಗ್ ಇರುವುದರಿಂದ ಅದರ ಮೇಲೆ ಏನೂ ಬರಕೂಡದು. ಟ್ರ್ಯಾಕ್ಟರಿನ ಹಿಡಿಕೆ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಂದು ತಂತಿ ಸುತ್ತುವ ಜಾಣತನ ಬೇಡ. ತಿರುವಿನಲ್ಲಿ ಅದು ಜಾರಿದರೆ ಹಿಡಿಯಲು ಎರಡನೆಯ ಕೈ ಇಲ್ಲ. ಇನ್ನು ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಕಾರು ಇದಕ್ಕೆ ತಕ್ಕುದಲ್ಲ.

ಎರಡನೆಯದು ಗೇರ್. ನಮ್ಮ ದೇಶದಲ್ಲಿ ಚಾಲಕ ಬಲಕ್ಕೆ ಕೂಡುತ್ತಾನೆ, ಗೇರ್ ಕೋಲು ಅವನ ಎಡಕ್ಕೆ. ಎಡಗೈ ಸೋತಿದ್ದರೆ ಅದು ಎಟುಕುವುದು ಕಷ್ಟ. ಬಲಗೈ ಸೋತಿದ್ದರೆ, ಗೇರ್ ಹಾಕುವಾಗ ಸ್ಟೇರಿಂಗ್ ಅನಾಥ. ಎರಡಕ್ಕೂ ಪರಿಹಾರ ಒಂದೇ: ತಾನಾಗಿ ಗೇರ್ ಬದಲಿಸುವ ಕಾರು. ಒಂದು ಕಾಲಕ್ಕೆ ಇಂಥ ಕಾರುಗಳು ಸಿರಿವಂತರ ಮನೆಯವು. 2014ರಲ್ಲಿ ಮಾರುತಿ ಸೆಲೆರಿಯೊ ಬಂದಮೇಲೆ ಸಣ್ಣ ಕಾರುಗಳಿಗೂ ಈ ಸೌಲಭ್ಯ ಇಳಿಯಿತು. ಬ್ಯಾಟರಿ ಕಾರುಗಳಲ್ಲಂತೂ ಕ್ಲಚ್ಚೂ ಇಲ್ಲ, ಗೇರ್ ಬದಲಿಸುವ ಗೋಜೂ ಇಲ್ಲ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಇಂಡಿಕೇಟರ್, ದೀಪ, ವೈಪರ್, ಹಾರ್ನ್. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕಿದೆ, ಐರೋಪ್ಯ ಮೂಲದ ಕೆಲವು ಕಾರುಗಳಲ್ಲಿ ಎಡಕ್ಕಿದೆ. ಎಡಗೈ ಮಾತ್ರ ಗಟ್ಟಿ ಇರುವವರು ಕೊಳ್ಳುವ ಮೊದಲು ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲವಾದರೆ ಕಡ್ಡಿಗೆ ಒಂದು ಉದ್ದನೆಯ ಸರಳು ಜೋಡಿಸಿ ಈಚೆಗೆ ತರಬಹುದು. ಹೊರದೇಶಗಳಲ್ಲಿ ಹಿಡಿಕೆಯ ಮೇಲೆಯೇ ಈ ಗುಂಡಿಗಳನ್ನೆಲ್ಲ ಕೂಡಿಸಿಕೊಡುತ್ತಾರೆ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನೊಮ್ಮೆ ನೋಡಬಾರದೇಕೆ?

ಕಾನೂನು ಏನನ್ನುತ್ತದೆ?

“ಕೈ ಇಲ್ಲದವರಿಗೆ ಲೈಸೆನ್ಸ್ ಕೊಡೋದಿಲ್ಲ” ಎಂಬ ಮಾತು ಊರೂರಲ್ಲಿ ಓಡಾಡುತ್ತದೆ. ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ, ಅಂಗವಿಕಲರ ಬಳಕೆಗಾಗಿ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ಹೆಸರೂ ಸ್ಥಾನವೂ ಸಿಕ್ಕಿವೆ. ಅರ್ಜಿದಾರ ಅಂಥ ವಾಹನ ಓಡಿಸಲು ಸಮರ್ಥನೆಂದು ಅಧಿಕಾರಿಗೆ ಮನವರಿಕೆಯಾದರೆ ಕಲಿಕಾ ಲೈಸೆನ್ಸ್ ಕೊಡಬಹುದು ಎನ್ನುತ್ತದೆ 8ನೇ ಕಲಮು. ತನ್ನ ಕಾರನ್ನು ಹಾಗೆ ಮಾರ್ಪಡಿಸಿಕೊಂಡು ಆಮೇಲೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಲು 52ನೇ ಕಲಮಿನಲ್ಲಿ ಅವಕಾಶವಿದೆ. ಆದರೂ ಕಾರಿಗೆ ಕೈ ಹಚ್ಚುವ ಮೊದಲೇ ಗೋಕಾಕದ ಆರ್‌ಟಿಒ ಕಚೇರಿಗೆ ಹೋಗಿ ಏನೇನು ಬದಲಾಯಿಸುತ್ತೇವೆಂದು ಕೇಳಿಕೊಂಡು ಬರುವುದು ಲೇಸು. ಅರ್ಜಿಯಲ್ಲಿ ಕೈಯ ಸ್ಥಿತಿ ಮುಚ್ಚಿಡಬೇಡಿ. ವಿಮಾ ಕಂಪನಿಗೂ ಬರೆದು ತಿಳಿಸಿ. ಅಪಘಾತವಾದ ದಿನ ಇವೆರಡೂ ಕೇಳಿಕೆಗೆ ಬರುತ್ತವೆ.

ಕಾಯ್ದೆ ಇದ್ದಮಾತ್ರಕ್ಕೆ ಎಲ್ಲ ಸಲೀಸಾಗುತ್ತದೆಂದಲ್ಲ. ಕೇರಳದ ಜಿಲುಮೋಳ್ ಮರಿಯಟ್ ಥಾಮಸ್ ಅವರಿಗೆ ಹುಟ್ಟಿನಿಂದ ಎರಡೂ ಕೈಗಳಿಲ್ಲ. ಲೈಸೆನ್ಸಿಗಾಗಿ ಅವರು ವರ್ಷಗಟ್ಟಲೆ ಓಡಾಡಿ, ಅಂಗವಿಕಲರ ರಾಜ್ಯ ಆಯುಕ್ತರ ತನಕ ಹೋದರು. ಇಂಡಿಕೇಟರ್, ವೈಪರ್, ದೀಪಗಳು ಮಾತಿನ ಅಪ್ಪಣೆಗೆ ನಡೆಯುವಂತೆ ಕೊಚ್ಚಿಯ ಸಂಸ್ಥೆಯೊಂದು ಅವರ ಕಾರನ್ನು ಸಜ್ಜುಗೊಳಿಸಿತು. ಸ್ಟೇರಿಂಗ್ ತಿರುಗಿಸುವುದು ಕಾಲಿನಿಂದ. 2023ರ ಡಿಸೆಂಬರಿನಲ್ಲಿ ಪಾಲಕ್ಕಾಡಿನಲ್ಲಿ ಮುಖ್ಯಮಂತ್ರಿಗಳೇ ಅವರಿಗೆ ಲೈಸೆನ್ಸ್ ಕೊಟ್ಟರು. ಎರಡು ಕೈಯಿಲ್ಲದವರಿಗೆ ತೆರೆದ ಬಾಗಿಲನ್ನು ಒಂದು ಕೈಯವರು ಧೈರ್ಯವಾಗಿ ತಟ್ಟಬಹುದು.

ಹಾಗೆಂದು ಎಲ್ಲರಿಗೂ ಇದು ಸಲ್ಲುವುದಿಲ್ಲ. ಲಕ್ವಾ ಹೊಡೆದು ಕೈ ಸೋತವರಲ್ಲಿ ಕೆಲವರಿಗೆ ಒಂದು ಬದಿಯ ನೋಟವೇ ಕುಂದಿರುತ್ತದೆ; ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ಮೂರ್ಛೆ ಬರುತ್ತದೆ. ಇಂಥಲ್ಲಿ ಕೈಗಿಂತ ದೊಡ್ಡ ಅಡ್ಡಿ ಬೇರೆ ಇದೆ. ವೈದ್ಯರು ಬೇಡವೆಂದರೆ ಹಟ ಮಾಡಬಾರದು.

ಕಲಿಯುವುದು ಎಲ್ಲಿ? ಡ್ರೈವಿಂಗ್ ಸ್ಕೂಲುಗಳ ಕಾರು ಸಾಮಾನ್ಯವಾಗಿ ಗೇರಿನವು, ಹಿಡಿಕೆಯೂ ಇರುವುದಿಲ್ಲ. ಆದ್ದರಿಂದ ಸಜ್ಜುಗೊಳಿಸಿದ ಸ್ವಂತ ಕಾರಿನಲ್ಲೇ, ಲೈಸೆನ್ಸಿರುವ ನುರಿತವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಲಿಯಬೇಕಾಗುತ್ತದೆ. ಮೊದಲ ವಾರ ಖಾಲಿ ಬಯಲಿನಲ್ಲಿ ಹಿಡಿಕೆಯ ರೂಢಿ ಆಗಲಿ. ಅದು ಕೈಗೆ ಬಹಳ ಚುರುಕು, ಹೊಸಬರು ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಸಿಬಿಡುತ್ತಾರೆ. ತಿರುವಿಗೆ ಸಾಕಷ್ಟು ಮೊದಲೇ, ರಸ್ತೆ ನೇರ ಇರುವಾಗಲೇ, ಇಂಡಿಕೇಟರ್ ಹಾಕಿ ಕೈಯನ್ನು ಹಿಡಿಕೆಗೆ ತರುವುದನ್ನು ರೂಢಿಸಿಕೊಳ್ಳಲಿ. ಹಿಂದಕ್ಕೆ ತೆಗೆಯುವಾಗ ಸೀಟಿನ ಮೇಲೆ ಕೈಯೂರಿ ಹೊರಳಿ ನೋಡಲು ಆಗದು, ಕನ್ನಡಿಗಳನ್ನೇ ನಂಬಬೇಕು. ಹಿಂಬದಿ ಕ್ಯಾಮೆರಾ ಇದ್ದರೆ ಒಳ್ಳೆಯದು. ರಾತ್ರಿಯ ಅಭ್ಯಾಸ ಮಾತ್ರ ಕಬ್ಬಿನ ಹಂಗಾಮು ಮುಗಿದ ಮೇಲೆಯೇ ಇರಲಿ. ಹಿಂದೆ ದೀಪವಿಲ್ಲದ ಟ್ರಾಲಿಗಳ ನಡುವೆ ಎರಡು ಕೈ ಇದ್ದವರೂ ಜೀವ ಬಿಗಿಹಿಡಿದೇ ಓಡಿಸುತ್ತಾರೆ.