ಗೋವಿನಜೋಳಕ್ಕೆ ಹೊಡೆದ ಅಟ್ರಜಿನ್ ಹಿಂಗಾರಿ ಹೊತ್ತಿಗೆ ಮಣ್ಣಿನಿಂದ ಹೋಗಿರುತ್ತಾ?

ಹಾವೇರಿ: ಮುಂಗಾರಿಗೆ ಗೋವಿನಜೋಳ ಬಿತ್ತಿ, ಮೊಳಕೆ ಮೇಲೆ ಬರುವ ಮೊದಲೇ ಅಟ್ರಜಿನ್ ಕಳೆನಾಶಕ ಹೊಡೆಯೋದು ಈಗ ಹೊಸದೇನಲ್ಲ. ಕಸ ತೆಗೆಯಲು ಆಳು ಸಿಗಲ್ಲ, ಸಿಕ್ಕರೆ ಕೂಲಿ ಪೂರೈಸಲ್ಲ. ಆದರೆ ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ, ಸೌತೆ ಹಾಕುವವರಿಗೆ ಒಂದು ಭಯ ಇದ್ದೇ ಇರುತ್ತೆ: ಜೂನ್‌ನಲ್ಲಿ ಹೊಡೆದದ್ದು ಇನ್ನೂ ಮಣ್ಣಲ್ಲಿದ್ದರೆ?

ಗೋವಿನಜೋಳ ಅಟ್ರಜಿನ್ನನ್ನು ತನ್ನೊಳಗೇ ನಿರ್ವಿಷ ಮಾಡಿಕೊಳ್ಳುತ್ತೆ. ಬಿಳಿಜೋಳವೂ ತಡೆದುಕೊಳ್ಳುತ್ತೆ. ಸೌತೆ ಮತ್ತು ಹೆಚ್ಚಿನ ದ್ವಿದಳ ಬೆಳೆಗಳಿಗೆ ಆ ಶಕ್ತಿ ಇಲ್ಲ. ಸಸಿ ಚೆನ್ನಾಗಿಯೇ ಹುಟ್ಟುತ್ತೆ, ಆಮೇಲೆ ಹಳೆ ಎಲೆಗಳ ಅಂಚು ಹಳದಿಯಾಗಿ ಸುಡುತ್ತೆ.

ಮಣ್ಣಿನಿಂದ ಇದನ್ನು ತೆಗೆಯುವ ಕೆಲಸದಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾಗಳದ್ದು. ಅಟ್ರಜಿನ್ ಪ್ರಕೃತಿಯಲ್ಲಿ ಇದ್ದ ವಸ್ತುವೇ ಅಲ್ಲ, 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದದ್ದು. 1995ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಲ್ಲಿ ಅದನ್ನೇ ತಿಂದು ಬದುಕುವ ಸ್ಯೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ವರದಿ ಮಾಡಿದರು. ಅಂದರೆ ನಾಲ್ಕು ದಶಕದೊಳಗೆ ಸೂಕ್ಷ್ಮಜೀವಿ ಹೊಸ ಊಟ ಕಲಿತಿತ್ತು!

ಅದು ಮೊದಲು ಮಾಡೋದು ಅಟ್ರಜಿನ್‌ನಲ್ಲಿರುವ ಕ್ಲೋರಿನ್ ಕಿತ್ತುಹಾಕೋದು. ಅಷ್ಟಕ್ಕೇ ಕಳೆ ಕೊಲ್ಲುವ ಗುಣ ಹೋಗುತ್ತೆ. ಬಳಿಕ ಪಕ್ಕದ ಕೊಂಡಿಗಳು, ಕೊನೆಗೆ ನಡುವಿನ ಉಂಗುರ ಒಡೆಯುತ್ತೆ. ಆರು ಕಿಣ್ವಗಳ ಕೆಲಸ ಮುಗಿದಾಗ ಉಳಿಯೋದು ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್. ಇಷ್ಟೆಲ್ಲ ಕಷ್ಟ ಯಾಕೆ? ಸಾರಜನಕಕ್ಕಾಗಿ. ಒಂದು ಅಟ್ರಜಿನ್ ಅಣುವಿನಲ್ಲಿ ಐದು ಸಾರಜನಕ ಪರಮಾಣುಗಳಿವೆ. ಬ್ಯಾಕ್ಟೀರಿಯಾಕ್ಕೆ ಅದೇ ಯೂರಿಯಾ ಇದ್ದ ಹಾಗೆ. ಈ ವಿದ್ಯೆಯ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು, ಹಾಗಾಗಿ ಹರಡಿಕೊಂಡಿವೆ.

ಇದರಲ್ಲಿ ರೈತರಿಗೆ ಲಾಭವೂ ಇದೆ, ನಷ್ಟವೂ ಇದೆ. ಸಾಮಾನ್ಯ ಮಣ್ಣಿನಲ್ಲಿ ಅಟ್ರಜಿನ್ ಅರ್ಧಕ್ಕಿಳಿಯಲು ಒಂದೆರಡು ತಿಂಗಳು ಬೇಕು. ವರ್ಷ ವರ್ಷ ಹೊಡೆದ ಹೊಲದಲ್ಲಿ ಬ್ಯಾಕ್ಟೀರಿಯಾ ಪಳಗಿ, ಕೆಲವೇ ದಿನಗಳಲ್ಲಿ ಅಷ್ಟು ಕರಗಬಹುದು. ಆಗ ಕಸ ಬೇಗ ಮತ್ತೆ ಏಳುತ್ತೆ. ‘ಈ ಸಲ ಔಷಧ ಡೂಪ್ಲಿಕೇಟ್’ ಅಂತ ಅಂಗಡಿಯವರ ಮೇಲೆ ರೇಗುವ ಮುನ್ನ ಇದನ್ನೂ ಯೋಚಿಸಬೇಕು. ಡೋಸ್ ಏರಿಸಿದರೆ ಆ ಬ್ಯಾಕ್ಟೀರಿಯಾಕ್ಕೆ ಊಟ ಹೆಚ್ಚು ಬಡಿಸಿದಂತೆ ಅಷ್ಟೇ.

ಮಳೆ ಕೈಕೊಟ್ಟ ವರ್ಷ ಕಥೆ ಉಲ್ಟಾ. ಒಣಮಣ್ಣಿನಲ್ಲಿ ಬ್ಯಾಕ್ಟೀರಿಯಾ ಮಂಕಾಗುತ್ತೆ. ಕ್ಷಾರ ಹೆಚ್ಚಿರುವ ಎರೆಭೂಮಿಯಲ್ಲಿ ಅಟ್ರಜಿನ್ ಇನ್ನೂ ಹೆಚ್ಚು ದಿನ ಉಳಿಯುತ್ತೆ. ಜೋರು ಮಳೆಗೆ ಬಸಿದು ಅಂತರ್ಜಲ ಸೇರಿದರಂತೂ ಅಲ್ಲಿ ತಿನ್ನುವವರೇ ಕಮ್ಮಿ, ವರ್ಷಗಟ್ಟಲೆ ಉಳಿಯಬಹುದು. ಯುರೋಪಿಯನ್ ಒಕ್ಕೂಟ 2004ರಲ್ಲಿ ಅಟ್ರಜಿನ್‌ಗೆ ಅನುಮತಿ ನಿರಾಕರಿಸಿದ್ದು ಅಂತರ್ಜಲದ ಕಾರಣಕ್ಕೇ. ಕೊಳವೆಬಾವಿ, ಹಳ್ಳದ ಪಕ್ಕ ಪಂಪ್ ತೊಳೆಯೋದು, ಉಳಿದ ದ್ರಾವಣ ಚೆಲ್ಲೋದು ಬೇಡ ಅನ್ನೋದು ಇದಕ್ಕೇ.

ಹಿಂಗಾರಿ ಬಿತ್ತನೆಗೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೊಲದ ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತಂದು ಒಂದು ಕುಂಡಕ್ಕೆ, ಕಳೆನಾಶಕ ಕಾಣದ ಬದುವಿನ ಮಣ್ಣನ್ನು ಇನ್ನೊಂದಕ್ಕೆ ತುಂಬಿ. ಎರಡರಲ್ಲೂ ಸೌತೆ ಬೀಜ ಹಾಕಿ, ಬಿಸಿಲು ಬೀಳುವ ಕಡೆ ಇಟ್ಟು ಎರಡು-ಮೂರು ವಾರ ನೀರು ಕೊಡಿ. ಹೊಲದ ಮಣ್ಣಿನ ಸಸಿ ಮಾತ್ರ ಅಂಚು ಸುಟ್ಟುಕೊಂಡರೆ ಆ ಸಲ ಬಿಳಿಜೋಳ ಬಿತ್ತೋದೇ ಕ್ಷೇಮ.