ಮೂರೆಳೆಯ ಹುರಿ

ಕಾಂಗರೂ ಬಾಲದಿಂದ ಬಿಡಿಸಿದ ಬಿಳಿ ನಾರು, ಎಳೆದರೂ ಸುಲಭಕ್ಕೆ ಹಿಗ್ಗುವಂಥದ್ದಲ್ಲ. ಅದನ್ನು ನೆಟ್ಟಗೆ ನಿಲ್ಲಿಸಿ, ಎಕ್ಸ್-ರೇ ಹಾಯಿಸಿ, ಗಂಟೆಗಟ್ಟಲೆ ಕಾದು, ಕತ್ತಲೆ ಕೋಣೆಯ ಹೈಪೋ ವಾಸನೆಯ ನಡುವೆ ಫಿಲ್ಮ್ ತೊಳೆದರೆ ಮಸುಕು ಚುಕ್ಕೆಗಳೂ ಕಮಾನುಗಳೂ ಒಂದೊಂದಾಗಿ ಮೂಡುತ್ತವೆ. ಬನ್ನಿ, ಮದ್ರಾಸಿನ ಗಿಂಡಿಯಲ್ಲಿ ಆ ಫಿಲ್ಮನ್ನು ಬೆಳಕಿಗೆ ಹಿಡಿದು ನಿಂತವರ ಪಕ್ಕ ಸ್ವಲ್ಪ ಹೊತ್ತು ನಿಲ್ಲೋಣ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಪಳಗಿದ ಜಿ.ಎನ್. ರಾಮಚಂದ್ರನ್ ಅವರು, ಜೊತೆಗೆ ಗೋಪಿನಾಥ್ ಕರ್ತಾ. ನಮ್ಮ ಚರ್ಮ, ಮೂಳೆ, ಕೀಲುಗಳನ್ನು ಬಿಗಿಹಿಡಿದ ಕೊಲಾಜೆನ್ ಎಂಬ ಪ್ರೋಟೀನಿನ ಆಕಾರವನ್ನು ಈ ಕಲೆಗಳಿಂದಲೇ ಊಹಿಸಬೇಕು.

ಕೊಲಾಜೆನ್ನಿನ ಅಮಿನೋ ಆಮ್ಲಗಳಲ್ಲಿ ಮೂರನೇ ಒಂದು ಪಾಲು ಗ್ಲೈಸೀನ್, ಎಲ್ಲಕ್ಕಿಂತ ಚಿಕ್ಕದು. ಯಾಕಿಷ್ಟು? 1954ರಲ್ಲಿ ಇಬ್ಬರೂ ಮೂರು ಸರಪಳಿಗಳ ಮಾದರಿ ಕೊಟ್ಟರು. ಮರುವರ್ಷ ಆ ಮೂರನ್ನೂ ತೆಂಗಿನ ನಾರಿನ ಹಗ್ಗದ ಹಾಗೆ ಒಂದರ ಸುತ್ತ ಒಂದು ಹೊಸೆದರು. ಹುರಿಯ ಒಳಗೆ ಜಾಗ ಎಷ್ಟು ಇಕ್ಕಟ್ಟೆಂದರೆ, ಪ್ರತಿ ಮೂರನೆಯ ತಾಣದಲ್ಲಿ ಗ್ಲೈಸೀನ್ ಬಿಟ್ಟು ಬೇರೇನೂ ಹಿಡಿಸದು. ಬಲ ಹುಟ್ಟುವುದೇ ಆ ಇಕ್ಕಟ್ಟಿನಲ್ಲಿ. ನನಗೆ ಇದಕ್ಕಿಂತ ಚೆಲುವಾದ ಉತ್ತರ ಗೊತ್ತಿಲ್ಲ.

ಆಕ್ಷೇಪ ಕೇಂಬ್ರಿಜ್ಜಿನಿಂದ ಬಂತು. ಈ ಮಾದರಿಯಲ್ಲಿ ಪರಮಾಣುಗಳು ತೀರಾ ಹತ್ತಿರ ಬಂದಿವೆ ಎಂದರು ಅಲ್ಲಿದ್ದ ವಿಜ್ಞಾನಿಗಳಾದ ಕ್ರಿಕ್ ಮತ್ತು ರಿಚ್. ಹಾಗಾದರೆ ಎಷ್ಟು ಹತ್ತಿರ ಬರಬಹುದು? ಗಿಂಡಿಯಲ್ಲಿ ಅದನ್ನೇ ಹಿಡಿದು ಕೂತರು. ಅಲ್ಲಿಯವರೆಗೆ ಬಿಡಿಸಿದ್ದ ಹರಳುಗಳ ವಿವರಗಳನ್ನು ಹುಡುಕಿ, ಅಂತರಗಳನ್ನು ಪಟ್ಟಿ ಮಾಡಿ, ಸರಪಳಿಯ ಪ್ರತಿ ಕೊಂಡಿಯನ್ನೂ ಎರಡು ಕೋನಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿದರು. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರ ಹೆಸರಿನಲ್ಲಿ 1963ರಲ್ಲಿ ಆ ಲೆಕ್ಕದ ನಕ್ಷೆ ಅಚ್ಚಾಯಿತು. ಅಡ್ಡಕ್ಕೊಂದು ಕೋನ, ಉದ್ದಕ್ಕೊಂದು ಕೋನ, ಎರಡೂ ಕಡೆ 360 ಡಿಗ್ರಿಯ ಚೌಕ, ಅದರಲ್ಲಿ ಬಹುಪಾಲು ಖಾಲಿ. ಪ್ರೋಟೀನಿಗೆ ಸಲ್ಲುವ ಜಾಗ ಕೆಲವು ದ್ವೀಪಗಳಷ್ಟೇ.

ಎಪ್ಪತ್ತರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗ ಕಟ್ಟಿದರು. ಈಗ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಅಮಿನೋ ಆಮ್ಲಗಳ ಸಾಲನ್ನು ಓದಿಯೇ ಆಕಾರವನ್ನು ಊಹಿಸಿಬಿಡುತ್ತದೆ. ಅದಕ್ಕೆ 2024ರ ನೊಬೆಲ್ ಕೂಡ ಸಂದಿತು. ಆದರೂ ಯಂತ್ರ ಕೊಟ್ಟ ಆಕಾರವಿರಲಿ, ಹರಳಿನಿಂದ ಬಿಡಿಸಿದ್ದಿರಲಿ, ವಿದ್ಯಾರ್ಥಿಗಳು ರಾಮಚಂದ್ರನ್ ನಕ್ಷೆ ತೆರೆಯುತ್ತಾರೆ. ದ್ವೀಪಗಳ ಆಚೆ ಒಂದು ಚುಕ್ಕಿ ಬಿದ್ದಿದ್ದರೆ ಮೊದಲು ಅದು ಗ್ಲೈಸೀನೇ ಎಂದು ನೋಡುತ್ತಾರೆ; ಅಲ್ಲವಾದರೆ, ಆ ಜಾಗವನ್ನು ಮತ್ತೆ ಪರೀಕ್ಷಿಸುತ್ತಾರೆ.