ಚೈನು ಯಾರ ಕೈಯಲ್ಲಿ?

ಮಾಲೂರಿನ ಫಾರ್ಮ್‌ಹೌಸೋ, ಶ್ರೀನಿವಾಸಪುರದ ಮಾವಿನ ತೋಟವೋ. ಕಾವಲಿಗೆ ರಾಟ್‌ವೀಲರ್ ತಂದು ಕಟ್ಟಿದ್ದೀರಿ. ಸಂಜೆ ಓಡಾಡಿಸೋ ಕೆಲಸ ಮಾತ್ರ ತೋಟದ ಹುಡುಗನದು. ಅದು ದಾರೀಲಿ ಹೋಗೋರನ್ನ ಕಚ್ಚಿದ್ರೆ?

"ಆ ತಳೀನೇ ಬ್ಯಾನ್ ಅಲ್ವಾ?" ಅಂತ ಕೇಳ್ತೀರಿ. 2024ರ ಮಾರ್ಚ್ 12ರಂದು 23 ತಳಿಗಳನ್ನ ನಿರ್ಬಂಧಿಸೋಕೆ ಕೇಂದ್ರ ಸುತ್ತೋಲೆ ಕಳಿಸಿದ್ದು ನಿಜ. ಸಂಬಂಧಪಟ್ಟವರನ್ನ ಕೇಳದೆ ಹೊರಡಿಸಿದ್ದು ಅಂತ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡಿತು.

ಹಾಗಂತ ಸಲೀಸಾಗಿ ಉಸಿರಾಡಬೇಡಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291 ಓದಿ. ಅದು ಮಾಲೀಕ ಯಾರು ಅಂತ ಕೇಳಲ್ಲ, ಪ್ರಾಣಿ ಯಾರ ವಶದಲ್ಲಿತ್ತು ಅಂತ ಕೇಳುತ್ತೆ. ನಿರ್ಲಕ್ಷ್ಯ ಸಾಬೀತಾದ್ರೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅಂದ್ರೆ ಚೈನು ಹಿಡಿದ ಆ ಹುಡುಗನೂ ಸಿಕ್ಕಿಹಾಕ್ಕೋಬಹುದು. ಪಾಪ, ಅವನ ಸಂಬಳ ಎಷ್ಟು!

ಇನ್ಶೂರೆನ್ಸ್? ಬೈಕಿಗೆ ಥರ್ಡ್ ಪಾರ್ಟಿ ಕಡ್ಡಾಯ, ನಾಯಿಗೆ ಹಾಗಿಲ್ಲ. ಪೆಟ್ ಪಾಲಿಸಿ ಸಾಮಾನ್ಯವಾಗಿ ಮಾಲೀಕರ ಹೆಸರಲ್ಲಿರುತ್ತೆ, ನಾಯಿಯ ಚಿಕಿತ್ಸೆಗೇ ಹೆಚ್ಚು ಒತ್ತು. ಬೇರೆಯವರಿಗಾದ ಗಾಯಕ್ಕೆ ಥರ್ಡ್ ಪಾರ್ಟಿ ಲಯಬಿಲಿಟಿ ಕವರ್ ಇದೆಯಾ ನೋಡಿ. ಏಜೆಂಟರ ಹತ್ತಿರ ಎರಡೇ ಮಾತು ಕೇಳಿ, ಬರವಣಿಗೆಯಲ್ಲೇ ಉತ್ತರ ತಗೊಳ್ಳಿ: ಈ ತಳಿಯನ್ನ ಹೊರಗಿಟ್ಟಿದ್ದೀರಾ? ಕೆಲಸದವನು ಹಿಡಿದಾಗ ಕಚ್ಚಿದ್ರೂ ದುಡ್ಡು ಬರುತ್ತಾ? ಜೈಲಿಗೆ ಮಾತ್ರ ಯಾವ ಪಾಲಿಸಿಯೂ ಬದಲಿ ಹೋಗಲ್ಲ.

ಕಚ್ಚಿಸಿಕೊಂಡವರು ಜಗಳ ಆಮೇಲೆ ಆಡಿ. ಮೊದಲು 15 ನಿಮಿಷ ಸೋಪು ಹಚ್ಚಿ, ಹರಿಯೋ ನೀರಲ್ಲಿ ಗಾಯ ತೊಳೀರಿ. ಆಮೇಲೆ ಲಸಿಕೆಗೆ ಕೋಲಾರದವರು ಎಸ್‌ಎನ್‌ಆರ್ ಆಸ್ಪತ್ರೆಗೆ, ಮುಳಬಾಗಿಲಿನವರು ತಾಲ್ಲೂಕು ಆಸ್ಪತ್ರೆಗೆ ಓಡಿ.